ಕಡಲಿನ ಅಣ್ವಸ್ತ್ರ, ಒಳನಾಡಿನ ಇಂಧನ: ಅರಿಹಂತ್ ಜಲಾಂತರ್ಗಾಮಿಯ ಕರ್ನಾಟಕ ಚರಿತ್ರೆ

ಸುಬ್ರಹ್ಮಣ್ಯದಿಂದ ಸುಳ್ಯ, ಮಡಿಕೇರಿ, ಹುಣಸೂರು ಮಾರ್ಗವಾಗಿ ಮೈಸೂರಿಗೆ ಹೋಗುವ ಬಸ್ಸು ನಗರ ಮುಟ್ಟುವ ಮುನ್ನ ಇಲವಾಲವನ್ನು ದಾಟುತ್ತದೆ. ಆ ಇಲವಾಲದ ಮಗ್ಗುಲಿನ ರತ್ನಹಳ್ಳಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ‘ರೇರ್ ಮೆಟೀರಿಯಲ್ಸ್ ಪ್ಲಾಂಟ್’ ಇದೆ. ಘಟ್ಟದ ಕೆಳಗಿನಿಂದ ಈ ದಾರಿಯಲ್ಲಿ ದಸರೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗಿಬರುವವರಲ್ಲಿ ಹೆಚ್ಚಿನವರಿಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ, ಬೀಳಬೇಕೆಂದು ಅದನ್ನು ಕಟ್ಟಿದ್ದೂ ಅಲ್ಲ. ಬಂಗಾಳಕೊಲ್ಲಿಯ ಅಡಿಯಲ್ಲಿ ಅಣ್ವಸ್ತ್ರ ಕ್ಷಿಪಣಿ ಹೊತ್ತು ಸುತ್ತುವ ಐಎನ್ಎಸ್ ಅರಿಹಂತ್‌ಗೆ ಬೇಕಾದ ಯುರೇನಿಯಂ ಸಂವರ್ಧನೆಗೊಂಡದ್ದು ಇಲ್ಲಿ, ಕಡಲಿನಿಂದ ನೂರಾರು ಕಿಲೋಮೀಟರ್ ಒಳಗೆ, ಎಂಬುದು ಈ ವಿಷಯದ ಅಧ್ಯಯನಕಾರರ ಒಮ್ಮತದ ಅಭಿಪ್ರಾಯ.

ಭಾರತದ ಅಣ್ವಸ್ತ್ರ ಜಲಾಂತರ್ಗಾಮಿಯ ಚರಿತ್ರೆ ಬರೆಯುವವರು ವಿಶಾಖಪಟ್ಟಣದ ಹಡಗುಕಟ್ಟೆಯಿಂದ ಶುರುಮಾಡುವುದು ರೂಢಿ. ಕರ್ನಾಟಕದವರಾದರೆ ಕಾರವಾರದ ಹೆಸರು ಹೇಳುತ್ತಾರೆ. ಕಾರವಾರದ ಮಾತನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. ಅಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, ಐಎನ್ಎಸ್ ಕದಂಬ ನೆಲೆ 2005ರ ಮೇ 31ರಂದು ಸೇವೆಗೆ ಸೇರಿತು. ಅಲ್ಲಿಗೆ ವಿಮಾನವಾಹಕ ನೌಕೆ ಬರುತ್ತದೆ, ಡೀಸೆಲ್ ಜಲಾಂತರ್ಗಾಮಿಯೂ ಬರುತ್ತದೆ. ಅಣ್ವಸ್ತ್ರ ಹೊರುವ ಜಲಾಂತರ್ಗಾಮಿಗಳ ನೆಲೆ ಮಾತ್ರ ಪೂರ್ವ ಕರಾವಳಿಯದು. ವಿಶಾಖಪಟ್ಟಣದ ದಕ್ಷಿಣಕ್ಕೆ ರಾಂಬಿಲ್ಲಿಯಲ್ಲಿ ಅವುಗಳಿಗೆಂದೇ ಹೊಸ ನೆಲೆ ಸಿದ್ಧವಾಗುತ್ತಿದೆ. ಇದಕ್ಕೆ ಕಡಲ ತಳದ ಕಾರಣವೂ ಒಂದಿದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಸೇರುವ ಕಡಲು ಬಹುದೂರದವರೆಗೆ ಆಳವಿಲ್ಲದ್ದು. ಖಂಡದ ಅಂಚು ನೀರಿನಡಿಯಲ್ಲಿ ಹತ್ತಾರು ಮೈಲು ಚಾಚಿಕೊಂಡಿರುವುದರಿಂದಲೇ ನಮ್ಮ ಮೀನುಗಾರಿಕೆ ಇಷ್ಟು ಸಮೃದ್ಧ. ಅಡಗಿ ಹೋಗಬೇಕಾದ ಹಡಗಿಗೆ ಇದೇ ಅಡ್ಡಿ. ವಿಶಾಖಪಟ್ಟಣದ ಮುಂದೆ ಆ ಅಂಚು ಕಿರಿದು, ಆಳ ಬೇಗ ಸಿಗುತ್ತದೆ.

ಹಾಗಾದರೆ ಈ ಕಥೆಯಲ್ಲಿ ಕರ್ನಾಟಕದ ಪಾಲು ಯಾವುದು? ಅದು ಇಂಧನ ಎಂಬುದು ನನ್ನ ವಾದ. ಭಾರತ ಅಣುಶಕ್ತಿಯ ಜಲಾಂತರ್ಗಾಮಿ ಪಡೆಯಲು ಮೂರು ನಾಲ್ಕು ದಶಕ ತೆಗೆದುಕೊಂಡದ್ದಕ್ಕೆ ಹಡಗಿನ ಉಕ್ಕಿಗಿಂತ, ಕ್ಷಿಪಣಿಗಿಂತ ಮುಖ್ಯ ಕಾರಣ ಅದರ ಹೊಟ್ಟೆಯೊಳಗಿನ ಪುಟ್ಟ ರಿಯಾಕ್ಟರ್ ಮತ್ತು ಅದಕ್ಕೆ ಬೇಕಾದ ಸಂವರ್ಧಿತ ಯುರೇನಿಯಂ.

ಇದನ್ನು ಅರ್ಥ ಮಾಡಿಕೊಳ್ಳಲು ಉತ್ತರ ಕನ್ನಡದ ಕೈಗಾವನ್ನು ನೋಡಿದರೆ ಸಾಕು. ಕೈಗಾದ ಭಾರಜಲ ರಿಯಾಕ್ಟರುಗಳು ನಡೆಯುವುದು ಗಣಿಯಿಂದ ಬಂದ ನೈಸರ್ಗಿಕ ಯುರೇನಿಯಂನಿಂದ. ಅದರಲ್ಲಿ ಸುಲಭವಾಗಿ ಸೀಳುವ ಯುರೇನಿಯಂ-235ರ ಪ್ರಮಾಣ ಶೇ 0.7ರಷ್ಟು ಮಾತ್ರ, ಮಿಕ್ಕದ್ದೆಲ್ಲ ಯುರೇನಿಯಂ-238. ಇಷ್ಟು ತೆಳುವಾದ ಇಂಧನದಿಂದ ಶಕ್ತಿ ಪಡೆಯಬೇಕಾದರೆ ರಿಯಾಕ್ಟರ್ ದೊಡ್ಡದಿರಬೇಕು, ಟನ್ನುಗಟ್ಟಲೆ ಭಾರಜಲ ಬೇಕು, ಇಂಧನವನ್ನು ಆಗಾಗ ಬದಲಿಸುತ್ತಿರಬೇಕು. ನೆಲದ ಮೇಲೆ ಇವು ಯಾವುವೂ ಕಷ್ಟವಲ್ಲ. ಕೈಗಾದ ಒಂದನೇ ಘಟಕ ಒಮ್ಮೆಯೂ ನಿಲ್ಲದೆ 962 ದಿನ ಓಡಿ 2018ರ ಡಿಸೆಂಬರ್‌ನಲ್ಲಿ ಅಂದಿನ ವಿಶ್ವದಾಖಲೆ ಬರೆದದ್ದು, ಓಡುತ್ತಿರುವಾಗಲೇ ಇಂಧನ ಬದಲಿಸಿಕೊಳ್ಳುವ ಈ ಸೌಕರ್ಯದ ಬಲದಿಂದ. ಹಡಗಿನೊಳಗೆ ಅಂಥ ಸೌಕರ್ಯ ಇಲ್ಲ. ಹತ್ತು ಹನ್ನೊಂದು ಮೀಟರ್ ಅಗಲದ ಕೊಳವೆಯೊಳಗೆ, ಮನುಷ್ಯರು ಮಲಗುವ ಜಾಗಕ್ಕೆ ಒತ್ತಿಕೊಂಡು, ವರ್ಷಗಟ್ಟಲೆ ಇಂಧನ ಬದಲಿಸದೆ ನಡೆಯುವ ರಿಯಾಕ್ಟರ್ ಬೇಕು. ಅದಕ್ಕೆ 235ರ ಪ್ರಮಾಣವನ್ನು ಅನೇಕ ಪಟ್ಟು ಏರಿಸಿದ ಯುರೇನಿಯಂ ಬೇಕು.

ಫ್ರಾನ್ಸ್ ಈ ಪಾಠವನ್ನು ನಮಗಿಂತ ಮೊದಲೇ ಕಲಿತಿತ್ತು. 1950ರ ದಶಕದಲ್ಲಿ ಕ್ಯೂ-244 ಎಂಬ ಜಲಾಂತರ್ಗಾಮಿಗೆ ನೈಸರ್ಗಿಕ ಯುರೇನಿಯಂ ಮತ್ತು ಭಾರಜಲದ ರಿಯಾಕ್ಟರ್ ಕೂರಿಸಲು ಹೊರಟ ಅಲ್ಲಿನ ಎಂಜಿನಿಯರುಗಳಿಗೆ ಯಂತ್ರ ಒಡಲೊಳಗೆ ಹಿಡಿಸುವುದಿಲ್ಲವೆಂದು ಗೊತ್ತಾಯಿತು. ಯೋಜನೆ ಕೈಬಿಟ್ಟರು, ಅರೆಬರೆಯಾಗಿದ್ದ ಆ ಒಡಲನ್ನು ಮುಂದೆ ಜಿಮ್ನೋಟ್ ಎಂಬ ಕ್ಷಿಪಣಿ ಪರೀಕ್ಷಾ ನೌಕೆಗೆ ಬಳಸಿಕೊಂಡರು. ಅಮೆರಿಕದಿಂದ ಸಂವರ್ಧಿತ ಯುರೇನಿಯಂ ಸಿಕ್ಕಮೇಲೆ ಕದರಾಷ್‌ನಲ್ಲಿ ನೆಲದ ಮೇಲೊಂದು ಮಾದರಿ ರಿಯಾಕ್ಟರ್ ಕಟ್ಟಿ, ಸ್ವಂತ ಸಂವರ್ಧನಾ ಸ್ಥಾವರವನ್ನೂ ಎಬ್ಬಿಸಿ, 1971ರಲ್ಲಿ ಲ ರದೂತಾಬ್ಲ್ ಜಲಾಂತರ್ಗಾಮಿಯನ್ನು ಸೇವೆಗೆ ಸೇರಿಸಿದರು. ಭಾರತ ನಡೆದ ದಾರಿಯೂ ಹೆಚ್ಚು ಕಡಿಮೆ ಇದೇ. ನಮಗೆ ಇಂಧನ ಮಾರಲು ಮಾತ್ರ ಯಾರೂ ಮುಂದೆ ಬರಲಿಲ್ಲ.

ನೌಕಾ ರಿಯಾಕ್ಟರಿನ ಆಸೆ ಭಾಭಾ ಕೇಂದ್ರವಿರುವ ಟ್ರಾಂಬೆಯಲ್ಲಿ 1960ರ ದಶಕದ ಕೊನೆಗೇ ಮೊಳೆತಿತ್ತು. 1971ರ ಡಿಸೆಂಬರ್‌ನಲ್ಲಿ ಅಮೆರಿಕದ ಅಣುಚಾಲಿತ ವಿಮಾನವಾಹಕ ಎಂಟರ್‌ಪ್ರೈಸ್ ಬಂಗಾಳಕೊಲ್ಲಿಗೆ ಬಂದುಹೋದ ಮೇಲೆ ಆ ಆಸೆಗೆ ರಾಜಕೀಯ ಬಲವೂ ಬಂತು. ಮುಂದಿನ ದಶಕದಲ್ಲಿ ಟ್ರಾಂಬೆ ರೂಪಿಸಿದ ವಿನ್ಯಾಸಗಳು ಒಂದಾದ ಮೇಲೊಂದರಂತೆ ಬಿದ್ದುಹೋದವು. ನೌಕಾಪಡೆಯ ಎಂಜಿನಿಯರುಗಳಿಗೂ ಅಣು ವಿಜ್ಞಾನಿಗಳಿಗೂ ಜಟಾಪಟಿ ನಡೆಯಿತು. ವಿನ್ಯಾಸದ ಬಗ್ಗೆ ತಕರಾರು ಎತ್ತಿದ್ದ ಕ್ಯಾಪ್ಟನ್ ಬಿ. ಕೆ. ಸುಬ್ಬರಾವ್ ನಿವೃತ್ತರಾದ ಬಳಿಕ 1988ರಲ್ಲಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ದೇಶದ ಗುಟ್ಟು ಸಾಗಿಸುತ್ತಿದ್ದರೆಂಬುದು ಆರೋಪ. ಚೀಲದಲ್ಲಿ ಸಿಕ್ಕ ಕಾಗದಗಳಲ್ಲಿ ಅವರದೇ ಪಿಎಚ್.ಡಿ. ಪ್ರಬಂಧವೂ ಇತ್ತು. ತಿಂಗಳುಗಟ್ಟಲೆ ಜೈಲಿನಲ್ಲಿದ್ದ ಅವರನ್ನು ನ್ಯಾಯಾಲಯ ಖುಲಾಸೆ ಮಾಡಿತು. ಈ ಯೋಜನೆಯ ಒಳಗಿನ ಮಾತು ಸಾರ್ವಜನಿಕರಿಗೆ ದಕ್ಕಿದ್ದು ಹೆಚ್ಚಾಗಿ ಇಂಥ ಅವಘಡಗಳ ಮೂಲಕವೇ.

ಇಲ್ಲಿ ರಾಜಾ ರಾಮಣ್ಣ ಬರುತ್ತಾರೆ. 1925ರಲ್ಲಿ ತುಮಕೂರಿನಲ್ಲಿ ಹುಟ್ಟಿದ, ಪಿಯಾನೋ ನುಡಿಸುತ್ತಿದ್ದ ಈ ಭೌತವಿಜ್ಞಾನಿಯನ್ನು ಕನ್ನಡಿಗರು ನೆನೆಯುವುದು 1974ರ ಪೋಖ್ರಾನ್ ಸ್ಫೋಟಕ್ಕಾಗಿ. ಜಲಾಂತರ್ಗಾಮಿಯ ಚರಿತ್ರೆಯಲ್ಲಿ ಅವರ ಸ್ಥಾನ ಇನ್ನೂ ವಿಚಿತ್ರವಾದದ್ದು. ವಿನ್ಯಾಸಗಳು ಸೋಲುತ್ತಿದ್ದ ಕಾಲದಲ್ಲಿ ಟ್ರಾಂಬೆಯ ನಿರ್ದೇಶಕರು ಅವರು. ನಡುವೆ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರು. 1983ರಿಂದ ಅಣುಶಕ್ತಿ ಆಯೋಗದ ಅಧ್ಯಕ್ಷರು. ಭಾರತ ಯುರೇನಿಯಂ ಸಂವರ್ಧನೆಯಲ್ಲಿ ಯಶಸ್ವಿಯಾಗಿದೆ ಎಂದು 1986ರ ನವೆಂಬರ್‌ನಲ್ಲಿ ಜಗತ್ತಿಗೆ ಹೇಳಿದವರೂ ಅವರೇ. ಸೋಲಿಗೂ ಅದರ ಪರಿಹಾರಕ್ಕೂ ಅವರ ಹೆಸರು ಅಂಟಿಕೊಂಡಿದೆ. ಬಾಂಬಿನ ಶ್ರೇಯಸ್ಸನ್ನು ಅವರಿಗೆ ಧಾರಾಳವಾಗಿ ಕೊಟ್ಟ ನಮ್ಮ ಜೀವನಚರಿತ್ರೆಗಳು ಈ ಎರಡನೆಯ ಅಧ್ಯಾಯವನ್ನು ತೆರೆದು ನೋಡಿದ್ದು ಕಡಿಮೆ.

ಟ್ರಾಂಬೆಯ ಪುಟ್ಟ ಪ್ರಯೋಗ ಘಟಕದ ಬೆನ್ನಿಗೇ ರತ್ನಹಳ್ಳಿಯ ಸ್ಥಾವರ 1990ರ ಸುಮಾರಿಗೆ ಕೆಲಸ ಆರಂಭಿಸಿತು. ಒಳಗೆ ನಡೆಯುವುದು ಇಷ್ಟು: ಯುರೇನಿಯಂ ಅನ್ನು ಫ್ಲೋರಿನ್ ಜೊತೆ ಕೂಡಿಸಿ ಅನಿಲವಾಗಿಸುತ್ತಾರೆ. ಆ ಅನಿಲವನ್ನು ಎತ್ತರದ, ಸಪೂರವಾದ ಉರುಳೆಗಳಲ್ಲಿ ಕಣ್ಣಿಗೆ ನಿಲುಕದ ವೇಗದಲ್ಲಿ ತಿರುಗಿಸುತ್ತಾರೆ. ಮೂರೇ ನ್ಯೂಟ್ರಾನುಗಳಷ್ಟು ಹೆಚ್ಚು ಭಾರವಿರುವ 238 ಗೋಡೆಯ ಕಡೆಗೆ ಸರಿಯುತ್ತದೆ, 235 ನಡುವೆ ತುಸು ಹೆಚ್ಚು ಉಳಿಯುತ್ತದೆ. ಒಂದು ಉರುಳೆಯಲ್ಲಿ ಸಿಗುವ ಲಾಭ ಎಷ್ಟು ಅಲ್ಪವೆಂದರೆ, ನಡುವಿನ ಅನಿಲವನ್ನು ಮುಂದಿನ ಉರುಳೆಗೆ, ಅಲ್ಲಿಂದ ಅದರ ಮುಂದಿನದಕ್ಕೆ ಹೀಗೆ ನೂರಾರು ಉರುಳೆಗಳ ಸರಣಿಯಲ್ಲಿ ಸಾಗಿಸಬೇಕು. ಉರುಳೆ ತುಸು ಓಲಾಡಿದರೂ ಸಿಡಿದುಹೋಗುತ್ತದೆ. ಮೊದಲ ವರ್ಷಗಳಲ್ಲಿ ಮೈಸೂರಿನ ಉತ್ಪಾದನೆ ಕುಂಟುತ್ತಿತ್ತು ಎಂದು ವಿದೇಶಿ ವಿಶ್ಲೇಷಕರು ಬರೆದದ್ದು ನಂಬುವಂತೆಯೇ ಇದೆ.

ಯಾಕೆಂದರೆ ಮುಂದಿನ ದಿನಾಂಕಗಳ ನಡುವಿನ ಅಂತರ ಅದನ್ನೇ ಹೇಳುತ್ತದೆ. ಕಲ್ಪಾಕ್ಕಂನಲ್ಲಿ ನೆಲದ ಮೇಲೆ ಹಡಗಿನ ಒಡಲಿನದೇ ತುಂಡೊಂದನ್ನು ನಿಲ್ಲಿಸಿ ಅದರೊಳಗೆ ಕೂರಿಸಿದ ಮಾದರಿ ರಿಯಾಕ್ಟರ್ ಚಾಲನೆಗೊಂಡದ್ದು 2003ರ ನವೆಂಬರ್‌ನಲ್ಲಿ, ಪೂರ್ಣ ಕಾರ್ಯಾಚರಣೆಗೆ ಬಂದದ್ದು 2006ರಲ್ಲಿ. ಅರಿಹಂತ್ ನೀರಿಗಿಳಿದದ್ದು 2009ರ ಜುಲೈ 26ರಂದು. ಅದರೊಳಗಿನ ರಿಯಾಕ್ಟರ್ ಉರಿದದ್ದು ನಾಲ್ಕು ವರ್ಷ ತಡವಾಗಿ, 2013ರ ಆಗಸ್ಟ್ 10ರಂದು. ನೌಕಾಪಡೆಗೆ ಸೇರಿದ್ದು 2016ರಲ್ಲಿ, ಅದೂ ಸದ್ದಿಲ್ಲದೆ. ಹೊರಗಿನ ನೆರವು ಇರಲೇ ಇಲ್ಲವೆಂದಲ್ಲ. ಸೋವಿಯತ್ ಒಕ್ಕೂಟ 1988ರಿಂದ ಮೂರು ವರ್ಷ ಬಾಡಿಗೆಗೆ ಕೊಟ್ಟ ಚಕ್ರ ನೌಕೆ ನಮ್ಮ ನಾವಿಕರಿಗೆ ಅಣು ಹಡಗು ನಡೆಸುವುದನ್ನು ಕಲಿಸಿತು. ರಷ್ಯದ ನೆರವಿಗೆ ಮನಮೋಹನ್ ಸಿಂಗ್ 2009ರಲ್ಲಿ ಬಹಿರಂಗವಾಗಿಯೇ ಕೃತಜ್ಞತೆ ಹೇಳಿದರು.

ಈ ಹಡಗು ಅಣ್ವಸ್ತ್ರ ಪ್ರತಿರೋಧಕ್ಕೆಂದೇ ಹುಟ್ಟಿತು ಎಂಬುದು ಈಗ ಸಾಮಾನ್ಯವಾಗಿ ಹೇಳುವ ಕಥೆ. ಕಾಲಾನುಕ್ರಮ ಅದನ್ನು ಒಪ್ಪುವುದಿಲ್ಲ. ಯೋಜನೆ ಕೈಗೆತ್ತಿಕೊಂಡಾಗ ಮನಸ್ಸಿನಲ್ಲಿದ್ದದ್ದು ಶತ್ರು ಹಡಗುಗಳನ್ನು ಬೇಟೆಯಾಡುವ ಜಲಾಂತರ್ಗಾಮಿ. ಕ್ಷಿಪಣಿ ಹೊರುವ ಪಾತ್ರ ಅದಕ್ಕೆ ಗಟ್ಟಿಯಾಗಿ ಅಂಟಿದ್ದು 1998ರ ಅಣ್ವಸ್ತ್ರ ಪರೀಕ್ಷೆಗಳ ನಂತರ. 1999ರ ಆಗಸ್ಟ್‌ನಲ್ಲಿ ಪ್ರಕಟವಾದ ಅಣ್ವಸ್ತ್ರ ನೀತಿಯ ಕರಡು ನೆಲ, ಗಾಳಿ, ಕಡಲು ಮೂರರಲ್ಲೂ ಅಸ್ತ್ರ ಇರಬೇಕೆಂದಿತು. 2003ರ ಜನವರಿ 4ರಂದು ಸರ್ಕಾರ ‘ಮೊದಲು ಬಳಸುವುದಿಲ್ಲ’ ಎಂಬ ಮಾತನ್ನು ಅಧಿಕೃತಗೊಳಿಸಿತು. ಹಾಗೆ ಮಾತು ಕೊಟ್ಟವರು ಮೊದಲ ಏಟು ತಿಂದ ಮೇಲೂ ತಿರುಗಿ ಹೊಡೆಯುವ ಶಕ್ತಿ ಉಳಿಸಿಕೊಂಡಿರಬೇಕು. ನೆಲದ ಕ್ಷಿಪಣಿ ನೆಲೆಯನ್ನು ಉಪಗ್ರಹ ಕಾಣುತ್ತದೆ, ನೀರಿನಡಿಯ ಹಡಗನ್ನು ಕಾಣುವುದು ಕಷ್ಟ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ಜಲಾಂತರ್ಗಾಮಿ 1960ರ ನವೆಂಬರ್‌ನಲ್ಲಿ 16 ಪೊಲಾರಿಸ್ ಕ್ಷಿಪಣಿ ಹೊತ್ತು ಹೊರಟಾಗಿನಿಂದ ತರ್ಕ ಇದೇ. ಬ್ರಿಟನ್ 1969ರಿಂದ ಒಂದಾದರೂ ಅಂಥ ಹಡಗನ್ನು ಸದಾ ಕಡಲಿನಲ್ಲಿ ಇಟ್ಟಿದೆ.

ಅರಿಹಂತ್ ತನ್ನ ಮೊದಲ ಪ್ರತಿರೋಧ ಗಸ್ತು ಮುಗಿಸಿತೆಂದು ಪ್ರಧಾನಿ 2018ರ ನವೆಂಬರ್ 5ರಂದು ಘೋಷಿಸಿದಾಗ ಪತ್ರಿಕೆಗಳು ಸಂಭ್ರಮಿಸಿದವು. ಆಗ ಅದರಲ್ಲಿದ್ದ ಕೆ-15 ಕ್ಷಿಪಣಿಯ ವ್ಯಾಪ್ತಿ ಸುಮಾರು 750 ಕಿಲೋಮೀಟರ್. ಅಷ್ಟರಲ್ಲಿ ಚೀನದ ದೊಡ್ಡ ನಗರ ಯಾವುದೂ ಬಂಗಾಳಕೊಲ್ಲಿಯಿಂದ ಎಟಕುವುದಿಲ್ಲ. 3,500 ಕಿಲೋಮೀಟರ್ ಹಾರುವ ಕೆ-4 ಕ್ಷಿಪಣಿಯನ್ನು ಎರಡನೆಯ ಹಡಗು ಅರಿಘಾತ್‌ನಿಂದ ಹಾರಿಸಿ ನೋಡಿದ್ದು 2024ರ ನವೆಂಬರ್‌ನಲ್ಲಿ, ಆ ಹಡಗು ಸೇವೆಗೆ ಸೇರಿದ ಮೂರೇ ತಿಂಗಳಿಗೆ. ಪ್ರತಿರೋಧ ಎಂಬ ಮಾತಿಗೆ ತಕ್ಕ ತೂಕ ಬಂದದ್ದು ಅಲ್ಲಿಂದ ಎನ್ನಬಹುದು. ಇನ್ನೊಂದು ಪ್ರಶ್ನೆ ಹಾಗೇ ಇದೆ. ನೆಲದ ಮೇಲೆ ಸಿಡಿತಲೆಯನ್ನೂ ಕ್ಷಿಪಣಿಯನ್ನೂ ಬೇರೆ ಬೇರೆ ಕೈಗಳಲ್ಲಿ ಇಡುವುದು ಭಾರತದ ಪದ್ಧತಿಯೆಂದು ಹೇಳುತ್ತ ಬಂದಿದ್ದಾರೆ. ಗಸ್ತಿಗೆ ಹೊರಟ ಹಡಗಿನಲ್ಲಿ ಅವೆರಡೂ ಒಂದೇ ಕೊಳವೆಯೊಳಗೆ ಕೂತಿರಬೇಕು; ಆದೇಶ ತಿರುನೆಲ್ವೇಲಿಯ ಕಟ್ಟಬೊಮ್ಮನ್ ಕೇಂದ್ರದಂಥ ಕಡೆಯಿಂದ ಅತಿ ಕಡಿಮೆ ಕಂಪನಾಂಕದ ರೇಡಿಯೋ ಅಲೆಯಾಗಿ ನೀರಿನೊಳಗೆ ಕೆಲವೇ ಮೀಟರ್ ಇಳಿದು ತಲುಪಬೇಕು. ನಾಗರಿಕ ಹಿಡಿತ ಎಂಬುದು ಅಲ್ಲಿ ಹೇಗೆ ನಡೆಯುತ್ತದೆ ಎಂಬ ಚರ್ಚೆ ಸಂಸತ್ತಿನಲ್ಲಿ ಆಗಬೇಕಾದಷ್ಟು ಆಗಿಲ್ಲ.

ರಹಸ್ಯ ಯೋಜನೆಯ ಚರಿತ್ರೆಗೆ ಸಾಕ್ಷ್ಯ ಎಲ್ಲಿ ಸಿಗುತ್ತದೆ? ನೌಕಾಪಡೆಯ ಕಡತ ತೆರೆಯುವುದಿಲ್ಲ. ಕಂದಾಯ ಇಲಾಖೆಯ ಪಹಣಿ ತೆರೆಯುತ್ತದೆ. ಚಳ್ಳಕೆರೆಯ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಕಡಲೆಕಾಯಿ ಎಣ್ಣೆಗೂ ಕುರಿಗಾಹಿಗಳ ಕಂಬಳಿಗೂ ಹೆಸರಾದ ಈ ತಾಲ್ಲೂಕಿನ ಅಮೃತ್ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ಸರ್ಕಾರ 2009–10ರ ಹೊತ್ತಿಗೆ ವಿಜ್ಞಾನ ಸಂಸ್ಥೆಗಳಿಗೆ ಹಂಚಿತು. ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ. ಉಳ್ಳಾರ್ತಿ ಮತ್ತು ಖುದಾಪುರ ಕಾವಲುಗಳಲ್ಲಿ ಭಾಭಾ ಕೇಂದ್ರಕ್ಕೆ ಸಿಕ್ಕಿದ್ದು 1,810 ಎಕರೆ, ಇನ್ನೊಂದು ಸಂವರ್ಧನಾ ಸ್ಥಾವರಕ್ಕೆ. ಕಾಂಪೌಂಡು ಗೋಡೆ ಏಳತೊಡಗಿದ ಮೇಲೆ ದನ-ಕುರಿ ಮೇಯಿಸುವವರು ದನಿ ಎತ್ತಿದರು, ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಯಿತು. ಎಕರೆ, ಸರ್ವೆ ನಂಬರು, ಯಾರಿಗೆ ಎಷ್ಟು ಎಂಬುದೆಲ್ಲ ಬೆಳಕಿಗೆ ಬಂದದ್ದು ಆ ಕಡತಗಳಿಂದ.

ಈ ಕಾವಲುಗಳಿಗೆ ಹಳೆಯದೊಂದು ಸೈನಿಕ ಚರಿತ್ರೆಯೂ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳನ್ನು ಹೈದರ್ ಮತ್ತು ಟಿಪ್ಪು ಯುದ್ಧಸಾಮಗ್ರಿ ಎಳೆಯಲು ಬಳಸಿದರು. ಅಮೃತ್ ಮಹಲ್ ಎಂಬ ಹೆಸರಿಟ್ಟವನು ಟಿಪ್ಪು. ಫಿರಂಗಿಯ ಎತ್ತುಗಳಿಗೆಂದು ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು ಮೀಸಲಿಟ್ಟಿದ್ದರು. 1799ರ ನಂತರ ಬ್ರಿಟಿಷರೂ ಆ ವ್ಯವಸ್ಥೆಯನ್ನು ತಮ್ಮ ಸೈನ್ಯಕ್ಕೆ ಒಗ್ಗಿಸಿಕೊಂಡರು. ಆಗ ಸೈನ್ಯದ ಅಗತ್ಯವೂ ದನಗಾಹಿಯ ಬದುಕೂ ಒಂದೇ ಹುಲ್ಲಿನ ಮೇಲೆ ನಿಂತಿದ್ದವು. ಈಗಿನ ಅಗತ್ಯಕ್ಕೆ ಹುಲ್ಲು ಬೇಡ, ಬೇಲಿ ಬೇಕು.

ಮೈಸೂರಿನ ಸ್ಥಾವರ ಇರುವಾಗ ಚಳ್ಳಕೆರೆ ಏಕೆ ಎಂಬ ಪ್ರಶ್ನೆಗೆ ಹಡಗುಗಳ ಎಣಿಕೆಯಲ್ಲೇ ಉತ್ತರ ಹುಡುಕಬೇಕು. ಒಂದು ಹಡಗು ಸದಾ ಗಸ್ತಿನಲ್ಲಿರಬೇಕಾದರೆ ಕನಿಷ್ಠ ಮೂರು ನಾಲ್ಕು ಹಡಗು ಬೇಕು, ಪ್ರತಿಯೊಂದಕ್ಕೂ ಮೊದಲ ಇಂಧನ, ವರ್ಷಗಳ ನಂತರ ಮರು ಇಂಧನ ಬೇಕು. ಅರಿಹಂತ್ ಸುಮಾರು 6,000 ಟನ್ನಿನದು. ಮುಂದಿನ ವರ್ಗದ ಹಡಗುಗಳು ಅದಕ್ಕಿಂತ ಬಹಳ ದೊಡ್ಡವು, ರಿಯಾಕ್ಟರೂ ದೊಡ್ಡದು. 2006ರಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದಕ್ಕಾಗಿ ನಾಗರಿಕ ಮತ್ತು ಸೈನಿಕ ಸ್ಥಾವರಗಳನ್ನು ವಿಂಗಡಿಸಿದಾಗ ಭಾರತ ರತ್ನಹಳ್ಳಿಯನ್ನು ಅಂತಾರಾಷ್ಟ್ರೀಯ ತಪಾಸಣೆಯ ಹೊರಗಿಟ್ಟಿತು. ಕೈಗಾದ ರಿಯಾಕ್ಟರುಗಳೂ ಹೊರಗೇ ಉಳಿದವು. ಚಳ್ಳಕೆರೆಯ ಸ್ಥಾವರವೂ ತಪಾಸಣೆಗೆ ಒಳಪಡುವುದಿಲ್ಲ, ಅದನ್ನು ಒಂದಕ್ಕಿಂತ ಹೆಚ್ಚು ಉದ್ದೇಶಗಳಿಗೆ ಬಳಸುವ ಅವಕಾಶ ಇಟ್ಟುಕೊಂಡಿದ್ದೇವೆ ಎಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಶ್ರೀಕುಮಾರ್ ಬ್ಯಾನರ್ಜಿ 2011ರಲ್ಲಿ ದೂರದರ್ಶನ ವಾಹಿನಿಯೊಂದಕ್ಕೆ ಹೇಳಿದ್ದರು.