ಹಳೆಯ ಎಂಜಿಬಿ ಕಾರಿನ ಆಸನಕ್ಕೆ ಹೊಸ ಹೊದಿಕೆ: ಮಿತವ್ಯಯದ ಮಾರ್ಗ

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಮೊದಲು ಪರೀಕ್ಷಿಸುವುದು ಎಂಜಿನ್ನನ್ನು, ನಂತರ ತುಕ್ಕನ್ನು. ಆಸನದ ನೆನಪಾಗುವುದು ಕಾರು ಮನೆಗೆ ಬಂದ ಮೇಲೆಯೇ. ಹರಿದ ಹೊಲಿಗೆ, ಕುಸಿದ ಮೆತ್ತೆ, ಕುಳಿತಾಗ ಬೆನ್ನಿಗೆ ತಾಗುವ ಕಬ್ಬಿಣ. ಎಲ್ಲವನ್ನೂ ಕುಶಲಕರ್ಮಿಗೆ ಒಪ್ಪಿಸಿದರೆ ಖರ್ಚಿನ ದೊಡ್ಡ ಪಾಲು ಕೂಲಿಗೇ ಹೋಗುತ್ತದೆ. ಆದರೆ ಕೆಲವು ಮಾದರಿಗಳ ಆಸನಗಳನ್ನು ಮಾಲೀಕರೇ ಮನೆಯಲ್ಲಿ ಸಜ್ಜುಗೊಳಿಸಬಹುದು. ಬ್ರಿಟನ್ನಿನ ಎಂಜಿಬಿ ಅವುಗಳಲ್ಲಿ ಪ್ರಮುಖವಾದುದು.

ಎಂಜಿ ಎಂಬ ಹೆಸರು ಭಾರತದ ರಸ್ತೆಗಳಲ್ಲಿ ಮನೆಮಾತಾದದ್ದು 2019ರಲ್ಲಿ ಬಂದ ಹೆಕ್ಟರ್ ಕಾರಿನಿಂದ. ಆದರೆ ಈ ಹೆಸರಿನ ಮೂಲ ಆಕ್ಸ್‌ಫರ್ಡ್‌ನ ಮಾರಿಸ್ ಗ್ಯಾರೇಜಸ್. 1962ರಿಂದ 1980ರವರೆಗೆ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಎಂಜಿಬಿ ಮತ್ತು ಅದರ ಸೋದರ ಮಾದರಿಗಳ ಒಟ್ಟು ಸಂಖ್ಯೆ ಐದು ಲಕ್ಷವನ್ನು ಮೀರುತ್ತದೆ. ಇಷ್ಟೊಂದು ಕಾರುಗಳು ಹೊರಬಂದದ್ದರಿಂದಲೇ ಬಿಡಿಭಾಗಗಳ ಮಾರುಕಟ್ಟೆ ಇಂದಿಗೂ ಜೀವಂತವಾಗಿದೆ. ಅಳತೆಗೆ ತಕ್ಕಂತೆ ಹೊಲಿದ ಹೊದಿಕೆ, ಅಚ್ಚಿನಲ್ಲಿ ತಯಾರಿಸಿದ ಫೋಮ್, ರಬ್ಬರ್ ಪಟ್ಟಿ, ಕ್ಲಿಪ್ಪುಗಳೆಲ್ಲ ಸಿದ್ಧವಾಗಿ ದೊರೆಯುತ್ತವೆ. ಹೊಲಿಗೆ ಯಂತ್ರವನ್ನು ಮುಟ್ಟದೆಯೇ ಕೆಲಸ ಮುಗಿಸಬಹುದೆಂಬುದು ಇದರ ಲಾಭ.

ಗವಸು ಬೇರೆ, ಹೊದಿಕೆ ಬೇರೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿಗೆ ಸೀಟು ಕವರ್ ಹಾಕಿಸಿದವರಿಗೆ ಈ ವ್ಯತ್ಯಾಸ ತಿಳಿದಿರಬೇಕು. ಅಲ್ಲಿ ಸಾಮಾನ್ಯವಾಗಿ ಇರುವ ಆಸನದ ಮೇಲೆಯೇ ಗವಸು ತೊಡಿಸಲಾಗುತ್ತದೆ. ಇಲ್ಲಿ ಹಾಗಲ್ಲ. ಹಳೆಯ ಹೊದಿಕೆಯನ್ನು ಪೂರ್ತಿ ಕಳಚಿ, ಚೌಕಟ್ಟಿನಿಂದಲೇ ಕೆಲಸ ಆರಂಭಿಸಬೇಕು. ಕುಸಿದ ಫೋಮಿನ ಮೇಲೆ ಹೊಸ ಹೊದಿಕೆ ಎಳೆದರೆ ಅದು ಎಂದಿಗೂ ಬಿಗಿಯಾಗಿ ಕೂರುವುದಿಲ್ಲ. ಸುಕ್ಕುಗಟ್ಟಿ, ಹೊಲಿಗೆಯ ಬಳಿ ಬೇಗನೆ ಬಿರಿಯುತ್ತದೆ. ಹೀಗಾಗಿ ಕಣ್ಣಿಗೆ ಕಾಣದ ಭಾಗದಲ್ಲಿ ಉಳಿತಾಯ ಮಾಡುವುದು ನಿಜವಾದ ಉಳಿತಾಯವಲ್ಲ.

ಉಳಿತಾಯ ಮಾಡಬೇಕಾದದ್ದು ಮೇಲ್ಪದರದಲ್ಲಿ. ಆರಂಭದ ವರ್ಷಗಳ ಎಂಜಿಬಿಗಳಲ್ಲಿ ದೇಹಕ್ಕೆ ತಾಗುವ ಭಾಗಕ್ಕೆ ಮಾತ್ರ ಚರ್ಮವಿದ್ದು, ಬದಿ ಮತ್ತು ಹಿಂಭಾಗಕ್ಕೆ ರೆಕ್ಸಿನ್ ಮಾದರಿಯ ವಸ್ತುವನ್ನು ಬಳಸಲಾಗುತ್ತಿತ್ತು. 1970ರ ದಶಕದಲ್ಲಿ ಪೂರ್ಣ ರೆಕ್ಸಿನ್ ಬಂತು. ದಶಕದ ಕೊನೆಯ ಹೊತ್ತಿಗೆ ಬ್ರಿಟನ್ನಿನ ಕಾರುಗಳಲ್ಲಿ ಪಟ್ಟೆ ಬಟ್ಟೆ ಕಾಣಿಸಿಕೊಂಡಿತು. ಆದ್ದರಿಂದ ಅಗ್ಗದ ವಸ್ತುವೆಂದರೆ ಮೂಲರೂಪಕ್ಕೆ ಅಪಚಾರವೆಂದು ಭಾವಿಸಬೇಕಿಲ್ಲ. ಕಾರು ಯಾವ ವರ್ಷದ್ದೆಂದು ಖಚಿತಪಡಿಸಿಕೊಂಡು ಅದಕ್ಕೆ ಹೊಂದುವುದನ್ನೇ ತರಿಸಬೇಕು. ಆಸನದ ವಿನ್ಯಾಸ ಹಲವು ಬಾರಿ ಬದಲಾಗಿರುವ ಕಾರಣ ಒಂದು ಅವಧಿಯ ಹೊದಿಕೆ ಇನ್ನೊಂದಕ್ಕೆ ಹಿಡಿಸದು.

ಕಳಚುವ ಕ್ರಮ

ಪ್ರತಿ ಆಸನವೂ ಜಾರುಹಳಿಗಳ ಮೂಲಕ ನಾಲ್ಕು ಬೋಲ್ಟುಗಳಿಂದ ಕಾರಿನ ತಳಕ್ಕೆ ಬಿಗಿಯಲ್ಪಟ್ಟಿರುತ್ತದೆ. ಆಸನವನ್ನು ಹಿಂದಕ್ಕೆ ಸರಿಸಿದರೆ ಮುಂದಿನ ಬೋಲ್ಟುಗಳು, ಮುಂದಕ್ಕೆ ಸರಿಸಿದರೆ ಹಿಂದಿನವು ಕೈಗೆ ಸಿಗುತ್ತವೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಡುವುದು ಲೇಸು. ಜಾರುಹಳಿಯ ಕೆಳಗೆ ಮರದ ಪಟ್ಟಿಗಳಿರುತ್ತವೆ. ಅವು ಕೊಳೆತಿದ್ದರೆ ಬದಲಾಯಿಸಬೇಕು. ತಳದ ತಗಡು ಗಟ್ಟಿಯಾಗಿದೆಯೇ ಎಂದು ನೋಡಲು ಇದೇ ಸರಿಯಾದ ಸಮಯ.

ಎರಡೂ ಆಸನಗಳನ್ನು ಒಮ್ಮೆಲೇ ಬಿಚ್ಚುವುದು ಸಾಮಾನ್ಯ ತಪ್ಪು. ಒಂದನ್ನು ಮುಗಿಸುವವರೆಗೆ ಇನ್ನೊಂದು ಹಾಗೆಯೇ ಇದ್ದರೆ, ಯಾವ ಮಡಿಕೆ ಎಲ್ಲಿ ಹೋಗಬೇಕೆಂಬ ಅನುಮಾನಕ್ಕೆ ಅದೇ ಉತ್ತರ ಹೇಳುತ್ತದೆ. ಪ್ರತಿ ಹಂತದಲ್ಲೂ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಕಳಚಿದ ಹಳೆಯ ಹೊದಿಕೆಯನ್ನು ಎಸೆಯಬಾರದು. ಹೊಸದರಲ್ಲಿ ದೋಷವಿದ್ದರೆ ಅಳತೆಗೆ ಉಳಿಯುವ ಆಧಾರ ಅದೊಂದೇ.

ಚೌಕಟ್ಟಿನಿಂದ ಮೇಲಕ್ಕೆ

ಬರಿದಾದ ಚೌಕಟ್ಟನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ನಿರೋಧಕ ಬಣ್ಣ ಬಳಿಯಬೇಕು. ಬಿರುಕು ಕಂಡುಬಂದರೆ ವೆಲ್ಡಿಂಗ್ ಬಲ್ಲವರಿಗೇ ಒಪ್ಪಿಸಬೇಕು. ಸುರಕ್ಷತೆಯ ವಿಷಯದಲ್ಲಿ ಜಿಪುಣತನ ಸಲ್ಲದು. ಕೂರುವ ಭಾಗದ ತಳದಲ್ಲಿ ಅವಧಿಗೆ ತಕ್ಕಂತೆ ರಬ್ಬರ್ ಪಟ್ಟಿಗಳೋ ಇಡಿಯಾದ ರಬ್ಬರ್ ಹಾಳೆಯೋ ಇರುತ್ತದೆ. ವರ್ಷಗಳು ಕಳೆದಂತೆ ಅದು ಜೋತುಬಿದ್ದು ಚಾಲಕ ತಗ್ಗಿನಲ್ಲಿ ಕುಳಿತಂತಾಗುತ್ತದೆ. ಇದೊಂದನ್ನು ಬದಲಿಸಿದರೂ ಆಸನದ ಎತ್ತರದಲ್ಲಿ ಗಮನಾರ್ಹ ವ್ಯತ್ಯಾಸ ಉಂಟಾಗುತ್ತದೆ.

ಹೊಸ ಫೋಮನ್ನು ಅಂಟಿಸುವ ಮೊದಲು ಹೊದಿಕೆಯನ್ನೊಮ್ಮೆ ತೊಡಿಸಿ ನೋಡಬೇಕು. ಹೆಚ್ಚಾದ ಭಾಗವನ್ನು ಹರಿತವಾದ ಚಾಕುವಿನಿಂದ ಸ್ವಲ್ಪ ಸ್ವಲ್ಪವಾಗಿಯೇ ಕತ್ತರಿಸಬೇಕು. ಅಂಟು ಸಿಂಪಡಿಸುವಾಗ ಗಾಳಿಯಾಡುವ ಜಾಗವಿರಲಿ, ಹತ್ತಿರ ಬೆಂಕಿ ಬೇಡ. ಫೋಮಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಹೊದಿಕೆ ಸಲೀಸಾಗಿ ಜಾರುತ್ತದೆ. ರೆಕ್ಸಿನ್ ಹೊದಿಕೆಯನ್ನು ಅರ್ಧ ಗಂಟೆ ಬಿಸಿಲಿನಲ್ಲಿಟ್ಟರೆ ಮೆತ್ತಗಾಗಿ ಎಳೆಯಲು ಒಗ್ಗುತ್ತದೆ. ಮೊದಲು ಹೊಲಿಗೆಯ ಗೆರೆಗಳನ್ನು ನೇರ ಮಾಡಿಕೊಂಡು, ಮುಂಭಾಗದ ಮಧ್ಯದಿಂದ ಆರಂಭಿಸಿ ಎರಡೂ ಬದಿಗೆ ಸಮನಾಗಿ ಎಳೆಯುತ್ತ ಕ್ಲಿಪ್ ಹಾಕಬೇಕು. ತಲೆಯಾನಿಕೆಯ ರಂಧ್ರವನ್ನು ಎಲ್ಲಕ್ಕಿಂತ ಕೊನೆಗೆ, ಅಗತ್ಯಕ್ಕಿಂತ ಚಿಕ್ಕದಾಗಿಯೇ ಕತ್ತರಿಸಬೇಕು.

ಹಣ ಇನ್ನೂ ಸಾಲದಿದ್ದರೆ

ಹಳೆಯ ಹೊದಿಕೆ ಹರಿಯದೆ ಬರೀ ಮಾಸಿದ್ದರೆ ಈ ವರ್ಷ ರಬ್ಬರ್ ಮತ್ತು ಫೋಮ್ ಮಾತ್ರ ಬದಲಿಸಿ, ಹೊದಿಕೆಯನ್ನು ತೊಳೆದು ಮರಳಿ ತೊಡಿಸಬಹುದು. ಹೊಲಿಗೆ ಮಾತ್ರ ಬಿಟ್ಟಿದ್ದರೆ, ಕಳಚಿದ ಹೊದಿಕೆಯನ್ನಷ್ಟೇ ಕುಶಲಕರ್ಮಿಗೆ ಕೊಟ್ಟು ಹೊಲಿಸಿ, ಜೋಡಣೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಚೆನ್ನಾಗಿ ಉಳಿದಿರುವ ಮೂಲ ಚರ್ಮವನ್ನಂತೂ ಆತುರದಿಂದ ಕಿತ್ತುಹಾಕಬಾರದು. ಹೊಸ ಹೊದಿಕೆ ಎಂದಾದರೂ ಕೊಳ್ಳಬಹುದು. ಅರ್ಧ ಶತಮಾನ ಸವೆದ ಚರ್ಮವನ್ನು ಮತ್ತೆ ಕೊಳ್ಳಲಾಗದು.