ಒಂದು ಪ್ರಾರ್ಥನಾಗೀತದ ಕನ್ನಡ ಚರಿತ್ರೆ

ವಾರಾಹಿ ನದಿಯ ದಡದ ಹಟ್ಟಿಯಂಗಡಿಯು ಚರಿತ್ರೆಯ ಅಭ್ಯಾಸಿಗಳಿಗೆ ಆಳುಪರ ಕಾಲದ ಹಳಮೆಯಿಂದಲೂ, ಬಸದಿ ಮತ್ತು ಸಿದ್ಧಿವಿನಾಯಕ ದೇವಾಲಯಗಳಿಂದಲೂ ಪರಿಚಿತವಾದ ಊರು. ಹೊಸಗನ್ನಡ ಕಾವ್ಯದ ಚರಿತ್ರೆಯಲ್ಲಿಯೂ ಈ ಊರಿನ ಹೆಸರು ಬರುತ್ತದೆ. ಅದನ್ನು ತಮ್ಮ ಹೆಸರಿನೊಡನೆ ಹೊತ್ತ ಹಟ್ಟಿಯಂಗಡಿ ನಾರಾಯಣರಾಯರು 20ನೆಯ ಶತಮಾನದ ಎರಡನೆಯ ದಶಕದಲ್ಲಿ ‘ಆಂಗ್ಲಕವಿತಾವಳಿ’ಯನ್ನು ಪ್ರಕಟಿಸಿದರು. ಎಸ್. ಜಿ. ನರಸಿಂಹಾಚಾರ್, ಪಂಜೆ ಮಂಗೇಶರಾಯರೊಡನೆ ಇವರೂ ಇಂಗ್ಲಿಷ್ ಕವಿತೆಯನ್ನು ಕನ್ನಡಕ್ಕೆ ತಂದ ಮೊದಲಿಗರಲ್ಲಿ ಒಬ್ಬರು. ಆದರೂ ಆ ಕಾರ್ಯದ ಮಾತು ಬಂದಾಗ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಒಂದೇ. ಇದರ ಕಾರಣವನ್ನು ಆ ಸಂಕಲನದ ‘ಕರುಣಾಳು ಬಾ ಬೆಳಕೆ’ ಎಂಬ ಗೀತದ ಚರಿತ್ರೆಯಲ್ಲಿ ಕಾಣಬಹುದೆಂದು ನಮಗೆ ತೋರುತ್ತದೆ.

ಈ ಗೀತದ ಮೂಲ ಕರ್ತೃ ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ ಸಿಸಿಲಿಯಲ್ಲಿ ಕಠಿಣ ಕಾಯಿಲೆಯಿಂದ ಚೇತರಿಸಿಕೊಂಡ ಅವರು ಸ್ವದೇಶಕ್ಕೆ ಮರಳಲು ಹಡಗನ್ನೇರಿದರು. ಗಾಳಿ ಬೀಸದೆ ಹಡಗು ಬೊನಿಫಾಸಿಯೋ ಜಲಸಂಧಿಯಲ್ಲಿ ನಿಂತಿತು. ಈ ಕವಿತೆ ಆಗ ಹುಟ್ಟಿತು. 1865ರಲ್ಲಿ ಡೈಕ್ಸ್ ಎಂಬ ಸಂಗೀತಜ್ಞರು ಇದಕ್ಕೆ ಧಾಟಿಯನ್ನು ಕೂಡಿಸಿದ ಬಳಿಕ ಇದು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಗೀತದ ಜನಪ್ರಿಯತೆಗೆ ಧಾಟಿಯೇ ಕಾರಣವೆಂಬುದು ಸ್ವತಃ ನ್ಯೂಮನ್ನರ ಅಭಿಪ್ರಾಯವಾಗಿದ್ದಿತು.

ಈ ಪ್ರಾರ್ಥನೆಯಲ್ಲಿ ಕ್ರಿಸ್ತನ ಹೆಸರು ಎಲ್ಲಿಯೂ ಬರುವುದಿಲ್ಲವೆಂಬುದು ಗಮನಾರ್ಹ. ಸಂಬೋಧನೆ ಬೆಳಕಿಗೆ ಮಾತ್ರ. ಆದುದರಿಂದ ಇದು ಮತದ ಎಲ್ಲೆಯನ್ನು ದಾಟುವುದು ಸುಲಭವಾಯಿತು. ಗಾಂಧೀಜಿಯವರಿಗೆ ಇದು ಪ್ರಿಯವಾಗಿದ್ದಿತು. ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿ ಅನುವಾದವು ಆಶ್ರಮದ ಭಜನೆಗಳಲ್ಲಿ ಸೇರಿತು.

ಕನ್ನಡದಲ್ಲಿ ಶ್ರೀಯವರು ಮಾಡಿದುದೇನು? 1911ರಲ್ಲಿ ಧಾರವಾಡದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ಯನ್ನು ಕುರಿತು ಮಾತನಾಡಿದ್ದ ಅವರು ಆ ಬಗೆಯನ್ನು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಮಾಡಿ ತೋರಿಸಿದರು. ಮೂಲದ ಮೊದಲ ಮಾತು ಬೆಳಕನ್ನು ‘ನಡೆಸು’ ಎಂದು ಬೇಡುತ್ತದೆ. ಶ್ರೀಯವರು ಮೊದಲು ‘ಬಾ’ ಎಂದು ಕರೆದು, ನಡೆಸೆಂಬ ಬೇಡಿಕೆಯನ್ನು ಆಮೇಲೆ ಇಟ್ಟರು. ದೇವರನ್ನು ಮನೆಗೆ ಬರಮಾಡಿಕೊಳ್ಳುವ ದಾಸರ ಪದಗಳನ್ನು ಕೇಳಿ ಬೆಳೆದ ಕಿವಿಗೆ ಈ ಕರೆ ಪರಕೀಯವಾಗಿ ಕೇಳಿಸುವುದಿಲ್ಲ. ಒಂದು ಕ್ರಿಯಾಪದದ ಸ್ಥಾನಭೇದದಿಂದ ಆಂಗ್ಲ ಪ್ರಾರ್ಥನೆಯು ಕನ್ನಡದ ಆಹ್ವಾನವಾಯಿತು. ಪ್ರಾಸದ ಹಳೆಯ ಕಟ್ಟನ್ನು ಸಡಿಲಿಸಿ, ಮಾತ್ರೆಗಳ ನಡೆಯನ್ನು ನಂಬಿದ ಅವರ ಪದ್ಯರಚನೆಯೂ ಹಾಡುಗಾರಿಕೆಗೆ ಅನುಕೂಲವಾಗಿದ್ದಿತು.

ಮುಂದಿನ ಕಥೆ ಸರ್ವವಿದಿತ. ಗೀತವು ಶಾಲೆಗಳ ಪ್ರಾರ್ಥನೆಯಾಯಿತು. ಸುಗಮಸಂಗೀತದ ಗಾಯಕರು ಅದನ್ನು ವೇದಿಕೆಗೂ ಧ್ವನಿಮುದ್ರಿಕೆಗೂ ತಂದರು. ಈ ಶತಮಾನದಲ್ಲಿ ಡಾ. ಗುರುರಾಜ ಕರಜಗಿಯವರು ‘ಪ್ರಜಾವಾಣಿ’ಯ ತಮ್ಮ ಅಂಕಣಕ್ಕೆ ಇದೇ ಹೆಸರನ್ನಿಟ್ಟರು, ಆ ಬರೆಹಗಳು ಹಲವು ಸಂಪುಟಗಳಾಗಿ ಹೊರಬಂದಿವೆ. ಮೂಲವು ಇಂಗ್ಲಿಷಿನದೆಂಬುದನ್ನು ಅರಿಯದೆ ಇದನ್ನು ಹಾಡುವವರು ಅನೇಕರು. ಅನುವಾದಕ್ಕೆ ಇದಕ್ಕಿಂತ ಹಿರಿದಾದ ಸಿದ್ಧಿ ಯಾವುದು?

ಆದರೆ ಈ ಸಿದ್ಧಿಯೇ ಚರಿತ್ರಕಾರನಿಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಇಂಗ್ಲೆಂಡಿನಲ್ಲಾಗಲಿ ಕನ್ನಡನಾಡಿನಲ್ಲಾಗಲಿ ಸಾಲನ್ನು ಉಳಿಸಿದ್ದು ಹಾಡುವ ಕಂಠ. ನಾರಾಯಣರಾಯರ ಕವಿತೆಗಳಿಗೆ ಅಂಥ ಭಾಗ್ಯ ಒದಗಲಿಲ್ಲ. ಅವರು ಪಠ್ಯಪುಸ್ತಕಗಳ ಒಂದು ವಾಕ್ಯದಲ್ಲಿ ಉಳಿದರು. ಜನರ ನೆನಪು ಹಾಡಿದುದನ್ನು ಕಾಪಾಡುತ್ತದೆ. ಅದು ಸಹಜ, ಅದಕ್ಕಾಗಿ ಜನರನ್ನು ದೂರಲಾಗದು. ಆದರೆ ಚರಿತ್ರೆಯೂ ಅದೇ ಅಳತೆಗೋಲನ್ನು ಹಿಡಿದರೆ, ಕೀರ್ತಿ ಪಡೆದ ಕೃತಿಯೇ ಮೊದಲ ಕೃತಿಯೆಂಬ ಭ್ರಮೆ ಬೆಳೆಯುತ್ತದೆ. ಶ್ರೀಯವರ ಹಿರಿಮೆಗೆ ಪೂರ್ವಿಕರ ಮರೆವು ಅಗತ್ಯವಲ್ಲ. ಅವರು ನಡೆದ ದಾರಿಯಲ್ಲಿ ಕರಾವಳಿಯವರ ಹೆಜ್ಜೆಗಳು ಮೊದಲೇ ಮೂಡಿದ್ದುವು. ಕಾಲೇಜುಗಳಲ್ಲಿ ‘ಇಂಗ್ಲಿಷ್ ಗೀತಗಳು’ ಪಾಠವಾಗುವಾಗ ‘ಆಂಗ್ಲಕವಿತಾವಳಿ’ಯೂ ಅದರ ಪಕ್ಕದಲ್ಲಿರಬೇಕೆಂಬುದು ನಮ್ಮ ಸೂಚನೆ. ಎರಡನ್ನೂ ಜೊತೆಗಿಟ್ಟು ಓದಿದಾಗ, ಶ್ರೀಯವರು ಹೊಸದಾಗಿ ಸಾಧಿಸಿದುದು ಯಾವುದೆಂಬುದು ಇನ್ನಷ್ಟು ಸ್ಪಷ್ಟವಾದೀತು.