ನಿಮಿಷ ಅಲ್ಲ, ಸೆಕೆಂಡು: 1920ರಲ್ಲಿ ಆ್ಯಂಟ್‌ವರ್ಪ್‌ಗೆ ಹೋದ ನಮ್ಮ ಆರು ಜನ

(1/7)
100 ಮೀಟರ್ ಓಡೋಕೆ ಎಷ್ಟು ಹೊತ್ತು ಬೇಕು? ನಮ್ಮ ಕ್ಲಾಸಲ್ಲಿ ಯಾರನ್ನ ಕೇಳಿದ್ರೂ ಹತ್ತೋ ಹನ್ನೆರಡೋ ಸೆಕೆಂಡು ಅಂತಾರೆ. ಜನ್ಮದಲ್ಲಿ ಓಡದೇ ಇರೋರಿಗೂ ಇದು ಗೊತ್ತು.

ಈಗ ನೂರು ವರ್ಷ ಹಿಂದಕ್ಕೆ ಹೋಗೋಣ. 1920. ಪುಣೆಯ ಡೆಕ್ಕನ್ ಜಿಮ್‌ಖಾನಾದವರು ಒಲಿಂಪಿಕ್ಸ್‌ಗೆ ಯಾರನ್ನ ಕಳಿಸೋದು ಅಂತ ಚರ್ಚೆ ಮಾಡ್ತಿದ್ದಾರೆ. 100 ಮೀಟರಿಗೆ ಅರ್ಹತೆಯ ಸಮಯ ಎಷ್ಟಿಡಬೇಕು ಅನ್ನೋ ಪ್ರಶ್ನೆ ಬಂತು. ಸಂಘಟಕರಲ್ಲಿ ಒಬ್ಬರು "ಒಂದೆರಡು ನಿಮಿಷ" ಅಂದರಂತೆ. ಅದು ನಿಮಿಷದ ಲೆಕ್ಕ ಅಲ್ಲ, ಸೆಕೆಂಡಿನ ಲೆಕ್ಕ, ಸೆಕೆಂಡನ್ನೂ ಹತ್ತು ಭಾಗ ಮಾಡ್ತಾರೆ ಅಂತ ತಿಳಿಸಿದಾಗ ದಂಗಾಗಿಬಿಟ್ಟರಂತೆ.

ನಗು ಬರುತ್ತೆ ನಿಜ. ಆದರೆ ಅವರೇನೂ ದಡ್ಡರಲ್ಲ. ಊರ ಜಾತ್ರೆಯಲ್ಲಿ ಓಟ ಇಟ್ಟರೆ ಮೊದಲು ಬಂದವನೇ ಗೆದ್ದ. ಅವನು ಎಷ್ಟು ಸೆಕೆಂಡಿಗೆ ಬಂದ ಅನ್ನೋದು ಯಾರಿಗೂ ಬೇಕಿರಲಿಲ್ಲ. ಪಕ್ಕದ ಊರಿನವನ ಜೊತೆ ಓಡೋಕೆ ಗಡಿಯಾರ ಬೇಡ. ದೇಶಾಂತರದವನ ಜೊತೆ ಓಡ್ಬೇಕು ಅಂದಾಗಲೇ ಅದು ಬೇಕಾಗೋದು. ಇವತ್ತಿನ ಸರಣಿ ಆ ಗಡಿಯಾರ ತರೋಕೆ ಹೋದ ಆರು ಜನರ ಬಗ್ಗೆ.

(2/7)
ಕಥೆ ಶುರುವಾಗೋದು ದೊರಾಬ್ಜಿ ಟಾಟಾ ಅವರಿಂದ. ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಓದಿದವರು, ಅಲ್ಲಿನ ಕ್ರೀಡೆಗಳನ್ನ ಹತ್ತಿರದಿಂದ ಕಂಡವರು. ಡೆಕ್ಕನ್ ಜಿಮ್‌ಖಾನಾಗೆ ಅವರೇ ಅಧ್ಯಕ್ಷರು.

1919ರಲ್ಲಿ ಜಿಮ್‌ಖಾನಾದ ಕ್ರೀಡಾಕೂಟ ನೋಡ್ತಾ ಅವರ ಕಣ್ಣು ದೂರದ ಓಟದವರ ಮೇಲೆ ಬಿತ್ತು. ಹೆಚ್ಚಿನವರು ರೈತಾಪಿ ಹುಡುಗರು. ಕಾಲಲ್ಲಿ ಶೂ ಇಲ್ಲ, ಬರಿಗಾಲು. ತರಬೇತಿ ಅನ್ನೋ ಮಾತೇ ಇಲ್ಲ. ಆದರೂ ಅವರ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ಹೋಲಿಸಬಹುದಾದ ಹಾಗಿದೆ ಅಂತ ಅವರಿಗೆ ಅನ್ನಿಸಿತು. ಮುಂದಿನ ವರ್ಷ ಬೆಲ್ಜಿಯಂನ ಆ್ಯಂಟ್‌ವರ್ಪ್‌ನಲ್ಲಿ ಒಲಿಂಪಿಕ್ಸ್ ಇತ್ತು. ಇವರನ್ನ ಯಾಕೆ ಕಳಿಸಬಾರದು?

ಆಗಿನ್ನೂ ನಮಗೆ ಒಲಿಂಪಿಕ್ ಸಂಸ್ಥೆಯೇ ಇಲ್ಲ. ಆಳ್ತಿರೋದು ಬ್ರಿಟಿಷರು. ಬಾಂಬೆಯ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವಿನಿಂದ ಭಾರತಕ್ಕೆ ತನ್ನದೇ ಹೆಸರಲ್ಲಿ ಭಾಗವಹಿಸೋ ಅವಕಾಶ ಸಿಕ್ಕಿತು. ದುಡ್ಡಿಗೆ ಚಂದಾ ಎತ್ತಿದರು, ದೊರಾಬ್ಜಿ ತಮ್ಮ ಜೇಬಿಂದಲೂ ಹಾಕಿದರು.

"1900ರಲ್ಲೇ ನಾರ್ಮನ್ ಪ್ರಿಚರ್ಡ್ ಭಾರತಕ್ಕೆ ಎರಡು ಬೆಳ್ಳಿ ಗೆದ್ದಿದ್ದಾನಲ್ಲ?" ಅಂತ ಕಾಮೆಂಟ್ ಬರುತ್ತೆ, ಗೊತ್ತು 😄 ಹೌದು, ಕಲ್ಕತ್ತಾದಲ್ಲಿ ಹುಟ್ಟಿದ ಪ್ರಿಚರ್ಡ್ ಪ್ಯಾರಿಸ್‌ನಲ್ಲಿ ಗೆದ್ದಿದ್ದ. ಆದರೆ ಅವನು ಒಬ್ಬನೇ ಹೋಗಿ ಓಡಿದವನು. ಆಯ್ಕೆ ಮಾಡಿ, ಒಂದು ತಂಡ ಅಂತ ಕಟ್ಟಿ ಕಳಿಸಿದ್ದು 1920ರಲ್ಲೇ ಮೊದಲು.

(3/7)
ಆಯ್ಕೆಯಾದವರು ನಾಲ್ಕು ಓಟಗಾರರು, ಇಬ್ಬರು ಪೈಲ್ವಾನರು.

ಬಂಗಾಳದ ಪೂರ್ಮಾ ಬ್ಯಾನರ್ಜಿ, 100 ಮತ್ತು 400 ಮೀಟರ್. ಸದಾಶಿವ ದಾತಾರ್, ಮ್ಯಾರಥಾನ್. ಕೈಕಾಡಿ ಅನ್ನೋ ಇನ್ನೊಬ್ಬ ಓಟಗಾರ. ಕುಸ್ತಿಗೆ ನವಲೆ ಮತ್ತು ಶಿಂಧೆ.

ಇನ್ನೊಬ್ಬ ಯಾರು ಗೊತ್ತಾ? ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಬೆಳಗಾವಿ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು. ಕರ್ನಾಟಕ ಏಕೀಕರಣಕ್ಕೆ ಇನ್ನೂ 36 ವರ್ಷ ಬಾಕಿ. ಹೆಸರಲ್ಲೇ ಎರಡು "ಅಪ್ಪ" ಇಟ್ಕೊಂಡ ಆ ಗಡಿನಾಡಿನವನು 10,000 ಮೀಟರ್ ಮತ್ತು ಮ್ಯಾರಥಾನ್ ಎರಡಕ್ಕೂ ಹೊರಟ.

ಹಡಗು ಹತ್ತಿ ಮೊದಲು ಲಂಡನ್‌ಗೆ ಹೋದರು. ಅಲ್ಲಿನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಮೈದಾನದಲ್ಲಿ ಕೆಲವು ವಾರ ತರಬೇತಿ. ಹೌದು, ಈಗ ಚೆಲ್ಸಿ ತಂಡದವರು ಫುಟ್ಬಾಲ್ ಆಡ್ತಾರಲ್ಲ, ಅದೇ ಮೈದಾನ.

(4/7)
ಆ್ಯಂಟ್‌ವರ್ಪ್ ಆಗ ಹೇಗಿತ್ತು ಅಂತ ತಿಳ್ಕೊಂಡರೆ ಇದರ ತೂಕ ಗೊತ್ತಾಗುತ್ತೆ. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಯುದ್ಧದಲ್ಲಿ ನಲುಗಿದ ಬೆಲ್ಜಿಯಂಗೆ ಗೌರವ ಕೊಡಲೆಂದೇ ಅಲ್ಲಿ ಕೂಟ ಇಟ್ಟಿದ್ದು. ಸೋತ ಜರ್ಮನಿ ಮತ್ತು ಅದರ ಜೊತೆಗಾರ ದೇಶಗಳಿಗೆ ಆಹ್ವಾನವೇ ಇರಲಿಲ್ಲ. ಐದು ಬಳೆಯ ಒಲಿಂಪಿಕ್ ಧ್ವಜ ಕೂಟದಲ್ಲಿ ಮೊದಲು ಹಾರಿದ್ದು, ಕ್ರೀಡಾಪಟುಗಳ ಪ್ರತಿಜ್ಞೆ ಮೊದಲು ಕೇಳಿದ್ದು ಅಲ್ಲೇ.

ಭಾರತೀಯರು ಆ ನೆಲಕ್ಕೆ ಬಂದಿದ್ದು ಅದೇ ಮೊದಲಲ್ಲ. 1914ರ ಅಕ್ಟೋಬರ್‌ನಲ್ಲಿ ನಮ್ಮ ಸಿಪಾಯಿಗಳು ಬೆಲ್ಜಿಯಂನ ಈಪ್ರ್ ಹತ್ತಿರ ಕಂದಕಗಳಲ್ಲಿ ನಿಂತು ಬೇರೆಯವರ ಯುದ್ಧಕ್ಕೆ ಪ್ರಾಣ ಕೊಟ್ಟಿದ್ದರು. ಆರು ವರ್ಷದ ನಂತರ ಆರು ಜನ ಬಂದೂಕಿಲ್ಲದೆ ಬಂದರು.

ಉದ್ಘಾಟನೆ 1920ರ ಆಗಸ್ಟ್ 14ಕ್ಕೆ. ಬ್ಯಾನರ್ಜಿ ಧ್ವಜ ಹಿಡಿದು ಮುಂದೆ ನಡೆದರು. ಧ್ವಜ ಬ್ರಿಟಿಷ್ ಇಂಡಿಯಾದ್ದೇ. ಆದರೆ ಬ್ರಿಟನ್ ತಂಡದ ಬಾಲದಲ್ಲಿ ಅಲ್ಲ, "ಇಂಡಿಯಾ" ಅನ್ನೋ ಬೇರೆ ತಂಡವಾಗಿ. ಊರಲ್ಲಿ ಆಗ ಏನಾಗ್ತಿತ್ತು? ಎರಡು ವಾರ ಹಿಂದೆ, ಆಗಸ್ಟ್ 1ರಂದು, ತಿಲಕರು ತೀರಿಕೊಂಡಿದ್ದರು. ಅದೇ ದಿನ ಗಾಂಧೀಜಿಯ ಅಸಹಕಾರ ಚಳವಳಿ ಶುರುವಾಗಿತ್ತು. ಸ್ವಾತಂತ್ರ್ಯಕ್ಕೆ ಇನ್ನೂ 27 ವರ್ಷ.

(5/7)
ಈಗ ಫಲಿತಾಂಶ. ಬ್ಯಾನರ್ಜಿ ಎರಡೂ ಓಟಗಳಲ್ಲಿ ಮೊದಲ ಸುತ್ತು ದಾಟಲಿಲ್ಲ. ದಾತಾರ್ ಮ್ಯಾರಥಾನ್ ಮುಗಿಸೋಕೆ ಆಗಲಿಲ್ಲ. ಚೌಗುಲೆ 10,000 ಮೀಟರಿನಲ್ಲಿ ಮುಂದಿನ ಸುತ್ತಿಗೆ ಹೋಗಲಿಲ್ಲ.

ಆದರೆ ಮ್ಯಾರಥಾನ್ ಮುಗಿಸಿದರು. 2 ಗಂಟೆ 50 ನಿಮಿಷ 45 ಸೆಕೆಂಡು. 19ನೇ ಸ್ಥಾನ. ಗೆದ್ದದ್ದು ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್, 2 ಗಂಟೆ 32 ನಿಮಿಷ ಚಿಲ್ಲರೆಗೆ.

19ನೇ ಸ್ಥಾನ ಅಂದ್ರೆ ಏನು ದೊಡ್ಡದು ಅಂತೀರಾ? ಲೆಕ್ಕ ಹಾಕೋಣ. ಆ ವರ್ಷದ ಮ್ಯಾರಥಾನ್ ದಾರಿ 42.75 ಕಿ.ಮೀ. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ್ದು, ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಭಾಗಿಸಿ ನೋಡಿದರೆ ಚೌಗುಲೆ ಓಡಿದ್ದು ಕಿಲೋಮೀಟರಿಗೆ ಸುಮಾರು 4 ನಿಮಿಷದಂತೆ. ನಾಳೆ ಗ್ರೌಂಡ್‌ಗೆ ಹೋಗಿ 24 ಸೆಕೆಂಡಿಗೆ 100 ಮೀಟರ್ ಓಡಿ ನೋಡಿ. ಸುಲಭ ಅನ್ಸುತ್ತೆ. ಈಗ ಅದನ್ನೇ ನಿಲ್ಲಿಸದೆ 427 ಸಲ ಮಾಡಿ. ಆಗ ಬೆಳಗಾವಿಯ ಫಡೆಪ್ಪ ಯಾರು ಅಂತ ಗೊತ್ತಾಗುತ್ತೆ.

(6/7)
ಕುಸ್ತಿಗೆ ಬರೋಣ. ಬೆಳಗಾವಿ, ಕೊಲ್ಹಾಪುರ ಕಡೆಯವರಿಗೆ ಕುಸ್ತಿ ಅಂದ್ರೆ ಗರಡಿಮನೆಯ ಕೆಂಪು ಮಣ್ಣು. ಒಲಿಂಪಿಕ್ಸ್‌ನಲ್ಲಿ ಆಡ್ಬೇಕಾದ್ದು ಚಾಪೆಯ ಮೇಲೆ, ಬೇರೆ ನಿಯಮಕ್ಕೆ. ನವಲೆ ಮೊದಲ ಕುಸ್ತಿಯಲ್ಲೇ ಅಮೆರಿಕದವನಿಗೆ ಸೋತರು.

ಶಿಂಧೆ ಮಾತ್ರ 60 ಕಿಲೋ ತೂಕದ ವಿಭಾಗದಲ್ಲಿ ಕಂಚಿನ ಪಂದ್ಯದವರೆಗೂ ಹೋದರು. ಎದುರಾಳಿ ಯಾರು ಅಂತೀರಿ? ಬ್ರಿಟನ್ನಿನ ಬರ್ನಾರ್ಡ್. ಆಳುವ ದೇಶದವನ ಎದುರು ಆಳಿಸಿಕೊಳ್ಳೋ ದೇಶದವನು. ಶಿಂಧೆ ಸೋತರು, ನಾಲ್ಕನೇ ಸ್ಥಾನ. ಮುಂದೆ 1960ರಲ್ಲಿ ಮಿಲ್ಖಾ ಸಿಂಗ್, 1984ರಲ್ಲಿ ಪಿ.ಟಿ. ಉಷಾ ನಾಲ್ಕನೇ ಸ್ಥಾನಕ್ಕೆ ನಿಂತಾಗ ದೇಶ ಸಂಕಟಪಟ್ಟಿತು. ಆ ಸಾಲಿನಲ್ಲಿ ಮೊದಲು ನಿಂತವರು ಶಿಂಧೆ. ಅವರಿಗಾಗಿ ಮರುಗಿದವರು ಎಷ್ಟು ಜನ?

ಹೆಸರುಗಳ ಕಥೆ ಇನ್ನೂ ಬೇಜಾರು. ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಶಿಂಧೆಗೆ ಒಂದು "ಸ್" ಸೇರಿ "ಶಿಂಧೆಸ್" ಆಗಿದೆ. ಸದಾಶಿವ ಹೋಗಿ "ಸದಾಶಿರ್" ಆಗಿದ್ದೂ ಇದೆ. ಕೈಕಾಡಿಯ ಹೆಸರಂತೂ ಫಲಿತಾಂಶಗಳಲ್ಲಿ ಸಾಮಾನ್ಯವಾಗಿ ಕಾಣೋದೇ ಇಲ್ಲ. ಆರು ಜನ ಹೋದರು ಅಂತೀವಿ, ಪಟ್ಟಿ ತೆಗೆದರೆ ಐದು ಜನ ಸಿಗ್ತಾರೆ.

(7/7)
ಹಾಗಾದ್ರೆ ಅವರು ತಂದಿದ್ದೇನು? ಪದಕ ಇಲ್ಲ. ತಂದಿದ್ದು ಅಳತೆ. ಲೋಕ ಎಷ್ಟು ಬೇಗ ಓಡುತ್ತೆ, ನಾವು ಎಷ್ಟು ಹಿಂದೆ ಇದ್ದೀವಿ ಅನ್ನೋದು ಮೊದಲ ಸಲ ಅಂಕಿಯಲ್ಲಿ ಗೊತ್ತಾಯ್ತು. ಮ್ಯಾರಥಾನ್‌ನಲ್ಲಿ ಆ ಅಂತರ 18 ನಿಮಿಷ. ಕುಸ್ತಿಯಲ್ಲಿ ಒಂದೇ ಒಂದು ಪಂದ್ಯ.

ಅಳತೆ ಸಿಕ್ಕಮೇಲೆ ಕೆಲಸ ಶುರುವಾಯ್ತು. 1924ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಕೂಟ ನಡೆಸಿ ಪ್ಯಾರಿಸ್‌ಗೆ ತಂಡ ಆರಿಸಿದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್ಜಿಯೇ ಮೊದಲ ಅಧ್ಯಕ್ಷರು. 1928ರಲ್ಲಿ ಹಾಕಿಯಲ್ಲಿ ಚಿನ್ನ ಬಂತು. ಕುಸ್ತಿಯ ಆ ಒಂದು ಪಂದ್ಯದ ಅಂತರ ತುಂಬಿಸೋಕೆ 32 ವರ್ಷ ಹಿಡೀತು: 1952ರಲ್ಲಿ ಹೆಲ್ಸಿಂಕಿಯಲ್ಲಿ ಕೆ.ಡಿ. ಜಾಧವ್ ಕಂಚು ಗೆದ್ದರು. ಕೊಲ್ಹಾಪುರದ ಗರಡಿಯಲ್ಲಿ ಬೆಳೆದ ಅವರದ್ದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ.

ಇನ್ನೊಂದು ಲೆಕ್ಕ ಹೇಳಿ ಮುಗಿಸ್ತೀನಿ. 1984ರಲ್ಲಿ ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಆವತ್ತು ಆ ಅಂತರ ಎಷ್ಟು ಚಿಕ್ಕದು ಅಂತ ಇಡೀ ದೇಶಕ್ಕೆ ಅರ್ಥವಾಯ್ತು. 100 ಮೀಟರಿಗೆ "ಒಂದೆರಡು ನಿಮಿಷ" ಅಂದ ಸಭೆಯಿಂದ ಅಲ್ಲಿಗೆ 64 ವರ್ಷ. ಮಧ್ಯದ ದಾರಿಯ ಮೊದಲ ಹೆಜ್ಜೆ ಬ್ಯಾನರ್ಜಿ, ಚೌಗುಲೆ, ದಾತಾರ್, ಕೈಕಾಡಿ, ನವಲೆ, ಶಿಂಧೆ ಅವರದ್ದು.

ಮುಂದಿನ ಸಲ ಯಾರಾದ್ರೂ ಒಲಿಂಪಿಕ್ಸ್‌ಗೆ ಹೋಗಿ ಬರಿಗೈಲಿ ಬಂದಾಗ "ಮೆಡಲ್ ಎಲ್ಲಿ?" ಅಂತ ಕೇಳೋ ಮೊದಲು "ಟೈಮಿಂಗ್ ಎಷ್ಟು?" ಅಂತ ಕೇಳೋಣ. ಮುಂದೆ ಓಡೋರಿಗೆ ಕೆಲಸಕ್ಕೆ ಬರೋದು ಅದು.

ಬೆಳಗಾವಿಯ ಫ್ರೆಂಡ್ಸ್ ಇದ್ರೆ ಟ್ಯಾಗ್ ಮಾಡಿ. ಮನೇಲಿ ಹಿರಿಯರನ್ನ ಕೇಳಿ, ಚೌಗುಲೆ ಬಗ್ಗೆ ಏನಾದ್ರೂ ನೆನಪಿದ್ರೆ ಕಾಮೆಂಟಲ್ಲಿ ಬರೀರಿ 🙏

#ಕನ್ನಡ #ಇತಿಹಾಸ #ಬೆಳಗಾವಿ #ಒಲಿಂಪಿಕ್ಸ್1920